302ನೇ ಮನೆಯ ಖಾಲಿ ಬಾಕ್ಸು

ತಕ್ಕಡಿ ಸಾರ್ ಜೀವನದಲ್ಲಿ ಒಂದು ಸುಳ್ಳನ್ನೂ ಹೇಳಿದವರಲ್ಲ. ಅವರಿಗೆ ಬಂದ ಕಷ್ಟಗಳೆಲ್ಲ ನಿಜ ಹೇಳಿದ್ದರಿಂದಲೇ ಬಂದವು. ಹೇಳಿದ್ದು ಅರ್ಧ ನಿಜ ಎಂಬುದೊಂದೇ ಕೊರತೆ.

ಅಳತೆ ಮತ್ತು ತೂಕದ ಕಚೇರಿಯಲ್ಲಿ ಅವರು ಮುದ್ರೆ ಗುಮಾಸ್ತರು. ಅಂಗಡಿಯಿಂದ ಅಂಗಡಿಗೆ ಹೋಗುವುದು, ತಕ್ಕಡಿಯ ಮೇಲೆ ಸರ್ಕಾರದ ತೂಕದ ಬಟ್ಟು ಇಟ್ಟು ನೋಡುವುದು, ಮುಳ್ಳು ನೆಟ್ಟಗೆ ನಿಂತರೆ ಸೀಸದ ಮುದ್ರೆ ಒತ್ತಿ, ಪ್ರಮಾಣಪತ್ರದ ಚೀಟಿಯನ್ನು ಆ ತಕ್ಕಡಿಗೇ ಅಂಟಿಸಿ ಬರುವುದು. ವಸ್ತುವಿನ ಕಾಗದ ವಸ್ತುವಿನ ಮೈಮೇಲೆಯೇ ಇರಬೇಕು ಎಂಬುದು ಕಚೇರಿಯ ನಿಯಮ. ಮೂವತ್ತನಾಲ್ಕು ವರ್ಷ ಪಾಲಿಸಿ ಪಾಲಿಸಿ ಆ ನಿಯಮ ಅವರ ಮನೆಗೂ ಬಂದು ಕೂತಿತ್ತು. ಫ್ಯಾನಿನ ರಸೀದಿ ಫ್ಯಾನಿನ ರೆಕ್ಕೆಗೆ, ಕೊಡೆಯ ರಸೀದಿ ಕೊಡೆಯ ಒಳಮೈಗೆ, ಬಕೆಟ್ಟಿನದು ಬಕೆಟ್ಟಿನ ತಳಕ್ಕೆ. ಮದುವೆಯ ಪ್ರಮಾಣಪತ್ರ ಕೈಗೆ ಬಂದ ದಿನ ಹೆಂಡತಿ ಗೋಂದಿನ ಬಾಟಲಿಯನ್ನು ಬಚ್ಚಿಟ್ಟಿದ್ದಳಂತೆ.

ನಿವೃತ್ತಿಗೆ ಇನ್ನು ಎರಡು ತಿಂಗಳಿತ್ತು. ಮುದ್ರೆಯನ್ನು ಒಪ್ಪಿಸಿ, ತಮ್ಮ ಹೆಸರಿನ ಮುಂದೆ ಒಂದೂ ಕಪ್ಪು ಚುಕ್ಕೆಯಿಲ್ಲದ ಕಾಗದ ತೆಗೆದುಕೊಂಡು ಮನೆಗೆ ಬರಬೇಕು ಎಂಬುದೊಂದೇ ಅವರಿಗಿದ್ದ ಆಸೆ. ಆ ಕಾಗದವನ್ನು ಎಲ್ಲಿ ಅಂಟಿಸಿಕೊಳ್ಳುತ್ತಾರೋ ಎಂಬ ಚಿಂತೆ ಹೆಂಡತಿಗೆ.

ಅವರಿದ್ದ ಕಟ್ಟಡದಲ್ಲಿ ನಾಲ್ಕು ಮಹಡಿ, ಎಂಟು ಮನೆ. ಸಂಘದ ಕಾರ್ಯದರ್ಶಿಗಳು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗ ರೈಲಿಲ್ಲದ ಕಾರಣ ಮೆಟ್ಟಿಲು ತಪಾಸಣೆ ಮಾಡುತ್ತಿದ್ದರು. ಖಾಲಿ ಬಾಕ್ಸುಗಳನ್ನು ಶನಿವಾರ ಸಂಜೆ ಬಾಗಿಲ ಮುಂದೆ ಇಡತಕ್ಕದ್ದು, ಪ್ರತಿ ಬಾಕ್ಸಿನ ಮೇಲೂ ಮನೆಯ ನಂಬರನ್ನು ದಪ್ಪಕ್ಷರದಲ್ಲಿ ಬರೆಯತಕ್ಕದ್ದು ಎಂದು ಅವರೊಂದು ನಿಯಮ ಮಾಡಿದ್ದರು. ಭಾನುವಾರ ಬೆಳಿಗ್ಗೆ ಬರುವ ಗುಜರಿಯವನಿಗೆ ಯಾವ ಬಾಕ್ಸು ಯಾರದೆಂದು ತಿಳಿಯಲಿ ಎಂಬುದು ಉದ್ದೇಶ. ಗುಜರಿಯವನಿಗೆ ಅದರಿಂದ ಏನು ತಿಳಿಯಿತೋ ಗೊತ್ತಿಲ್ಲ, ಕಟ್ಟಡಕ್ಕೆ ಮಾತ್ರ ಎಲ್ಲವೂ ತಿಳಿಯತೊಡಗಿತು. ಶನಿವಾರ ಸಂಜೆ ಜನ ಪೇಪರ್ ಓದುವಂತೆ ಮೆಟ್ಟಿಲು ಓದುತ್ತಿದ್ದರು. ಯಾರ ಮನೆಗೆ ಓವನ್ ಬಂತು, ಯಾರ ಟಿವಿ ಎಷ್ಟು ಇಂಚು ಬೆಳೆಯಿತು, ಯಾರು ಮೂರು ವಾರದಿಂದ ಅದೇ ಬಾಕ್ಸನ್ನು ಒಳಗಿಟ್ಟು ಹೊರಗಿಟ್ಟು ಮಾಡುತ್ತಿದ್ದಾರೆ, ಎಲ್ಲ. 301ರ ಹಲ್ಲಿನ ಡಾಕ್ಟರು ತಮ್ಮ ಬಾಕ್ಸಿನ ಆರೂ ಮುಖಕ್ಕೆ ನಂಬರ್ ಬರೆಯುತ್ತಿದ್ದರು. ಯಾವ ಕಡೆಯಿಂದ ಬಂದವರಿಗೂ ತೊಂದರೆಯಾಗಬಾರದು ನೋಡಿ.

ಅವರ ಎದುರುಮನೆ, 302ರ ತಕ್ಕಡಿ ಸಾರ್ ಮಾತ್ರ ಇಷ್ಟು ವರ್ಷಗಳಲ್ಲಿ ಇಟ್ಟದ್ದು ಒಂದೇ ಬಾಕ್ಸು. ಚಪ್ಪಲಿಯದು. ಅದರ ಮೇಲೆ ನಂಬರ್ ಬರೆಯಲು ಜಾಗ ಸಾಲದೆ ಎರಡು ಅಂಕಿ ಮುಚ್ಚಳದ ಮೇಲೆ, ಒಂದು ಅಂಕಿ ಪಕ್ಕಕ್ಕೆ ಬಂದಿತ್ತು.

ಹೀಗಿರುವಾಗ ಒಂದು ದಿನ ಅವರ ಅಟ್ಟದ ಹಲಗೆ ಮುರಿಯಿತು. ಅಟ್ಟದಲ್ಲಿದ್ದ ರಜಾಯಿಗಳೆಲ್ಲ ಮಂಚಕ್ಕೆ ಬಂದವು, ಮಂಚದಲ್ಲಿದ್ದವರು ನೆಲಕ್ಕೆ ಬಂದರು.

"ರೀ, ಗಟ್ಟಿಯಾದ್ದೊಂದು ಬಾಕ್ಸ್ ಇದ್ರೆ ತನ್ನಿ. ಹೊಸ ಬೀರು ಗೀರು ಅಂತ ಹೋಗ್ಬೇಡಿ. ರಟ್ಟಿಂದು ಸಾಕು," ಎಂದಳು ಹೆಂಡತಿ.

ಶನಿವಾರ ಒಂದು ದಿನಸಿ ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತಿ ಹೊರಬಂದಾಗ ಪಕ್ಕದ ಮಸಾಜ್ ಕುರ್ಚಿಯ ಅಂಗಡಿಯ ಮುಂದೆ ಒಂದು ಬಾಕ್ಸು ನಿಂತಿತ್ತು. ಎದೆಯೆತ್ತರ. ಅದರ ಮೇಲೆ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡ ಹೆಂಗಸೊಬ್ಬಳ ಚಿತ್ರ. ಕೆಳಗೆ "ಇದೊಂದಿದ್ದರೆ ಇನ್ನೇನೂ ಬೇಡ" ಎಂದು ಬರೆದಿತ್ತು. ಕೇಳಿದ್ದಕ್ಕೆ ಅಂಗಡಿಯವರು ಸಂತೋಷವಾಗಿ ಕೊಟ್ಟರು.

"ರಸೀದಿ ಕೊಡಿ."

"ಖಾಲಿ ಬಾಕ್ಸಿಗಾ ಸಾರ್?"

"ಬಿಟ್ಟಿ ಕೊಟ್ರೆ ಬಿಟ್ಟಿ ಅಂತ ಬರೀರಿ. ನಾನು ಸರ್ಕಾರಿ ಮನುಷ್ಯ."

ಅಂಗಡಿಯವರು ನಗುತ್ತಲೇ ಬರೆದರು: "ಖಾಲಿ ಬಾಕ್ಸು ಒಂದು. ಬಿಟ್ಟಿ. ಒಳಗೆ ಏನೂ ಇಲ್ಲ." ತಾರೀಖು, ಸಹಿ, ಅಂಗಡಿಯ ಮೊಹರು. ತಕ್ಕಡಿ ಸಾರ್ ಅಲ್ಲೇ ಬಗ್ಗಿ, ಚೀಲದಿಂದ ಕಚೇರಿಯ ಗೋಂದು ತೆಗೆದು, ಚೀಟಿಯನ್ನು ಬಾಕ್ಸಿನ ಒಳಗೋಡೆಗೆ ಅಂಟಿಸಿಬಿಟ್ಟರು.

ಬಾಕ್ಸನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ತಿರುವಿನಲ್ಲಿ ಸೊಂಟದೊಳಗೆ ಟಕ್ ಎಂದಿತು. ಹನ್ನೊಂದು ವರ್ಷದಿಂದ ಹಿಡಿದುಕೊಂಡಿದ್ದ ಹಿಡಿತ ಬಿಟ್ಟುಹೋಯಿತು. ಇಂಥ ಸುಖ ಮೆಟ್ಟಿಲ ಮೇಲೆ ಸಿಗುತ್ತದೆಂದು ಗೊತ್ತಿಲ್ಲದ ಅವರು ಒಂದು ಕ್ಷಣ ಅಲ್ಲೇ ನಿಂತು ನಕ್ಕರು.

ಮೂರನೇ ಮಹಡಿಯಲ್ಲಿ ಬಾಕ್ಸು ಬಾಗಿಲಿನಲ್ಲಿ ಹಿಡಿಸಲಿಲ್ಲ. ಉದ್ದಕ್ಕೆ ತಳ್ಳಿದರು, ಅಡ್ಡಕ್ಕೆ ತಳ್ಳಿದರು, ಬಾಗಿಲನ್ನೇ ಒಮ್ಮೆ ಬೈದರು. ಅಷ್ಟರಲ್ಲಿ ಕಾರ್ಯದರ್ಶಿಗಳು ಶನಿವಾರದ ತಪಾಸಣೆಗೆ ಬಂದರು.

"ಯಾರದಿದು?"

"ನಂದು ಸಾರ್."

"ನಿಮ್ದಾ?" ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡು ಚಿತ್ರದ ಹೆಂಗಸನ್ನು ನೋಡಿದರು, ಆಮೇಲೆ ತಕ್ಕಡಿ ಸಾರ್ ಅವರನ್ನು ನೋಡಿದರು. "ಎಲ್ಲಿ ನಂಬರು?"

"ಇದು ಎಸೆಯೋಕಲ್ಲ ಸಾರ್, ಒಳಗೆ..."

"ಬಾಗಿಲ ಮುಂದೆ ಇದ್ರೆ ನಂಬರ್ ಇರ್ಬೇಕು. ನಿಯಮ ಅಂದ್ರೆ ನಿಯಮ."

ನಿಯಮ ಎಂಬ ಮಾತು ಕಿವಿಗೆ ಬಿದ್ದರೆ ತಕ್ಕಡಿ ಸಾರ್ ಅವರ ಕೈ ತಾನಾಗಿ ಪೆನ್ನು ಹುಡುಕುತ್ತದೆ. 302 ಎಂದು ಬರೆದರು. ಮೊದಲ ಸಲ ಮೂರೂ ಅಂಕಿ ಒಂದೇ ಮುಖದಲ್ಲಿ ಹಿಡಿಸಿದವು. ಜಾಗವೂ ಉಳಿಯಿತು.

"ಅಲ್ಲಾ, ಒಳಗೆ ತಗೊಂಡು ಹೋಗೋಕೆ ಕಷ್ಟ ಆಗ್ಲಿಲ್ವಾ?"

"ಬಾಗಿಲಲ್ಲಿ ಸ್ವಲ್ಪ ಕಷ್ಟ ಸಾರ್."

"ಇರುತ್ತೆ, ಇರುತ್ತೆ. ಅಂಥ ಮಾಲು ಅಂದ್ರೆ ಹಾಗೇ." ಕಾರ್ಯದರ್ಶಿಗಳ ದನಿ ಇಳಿದಿತ್ತು. ಅವರು ತಕ್ಕಡಿ ಸಾರ್ ಅವರ ತೋಳನ್ನು ಮುಟ್ಟಿ, ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ನೋಡಿ ತಲೆಯಾಡಿಸಿದರು.

ಈ ಕಟ್ಟಡದಲ್ಲಿ ತಕ್ಕಡಿ ಸಾರ್ ಅವರಿಗೆ ಯಾರೂ ಹೀಗೆ ತಲೆಯಾಡಿಸಿರಲಿಲ್ಲ. 'ಕುರ್ಚಿ ಅಲ್ಲ ಸಾರ್, ಬರೀ ಬಾಕ್ಸು' ಎಂಬ ಐದು ಪದ ನಾಲಿಗೆಯ ತುದಿಯವರೆಗೆ ಬಂದವು. ಬಂದು, ಅಲ್ಲಿ ಸ್ವಲ್ಪ ಹೊತ್ತು ಕೂತು, ವಾಪಸು ಹೋದವು.

ಭಾನುವಾರ ಬೆಳಿಗ್ಗೆ ಹೆಂಡತಿ ಬಾಗಿಲು ತೆಗೆದು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ತಳದ ಟೇಪು ಬಿಚ್ಚಿ ಮಡಚಿದ್ರೆ ಬರಲ್ವಾ ಇದು?"

ಬಂತು. ಅವಳು ಮತ್ತೆ ಟೇಪು ಹಾಕಿ, ಬಾಕ್ಸನ್ನು ಬಾಲ್ಕನಿಯಲ್ಲಿ ಅಡ್ಡ ಮಲಗಿಸಿ, ಒಂದು ಕಡೆ ತೆರೆದಿಟ್ಟು, ರಜಾಯಿಗಳನ್ನು ಒಂದರ ಮೇಲೊಂದು ಹಾಸಿದಳು. ಕೆಲಸ ಮುಗಿಯಿತು. ಆದರೆ ಅಷ್ಟರಲ್ಲಿ ಶನಿವಾರ ಸಂಜೆಯಿಡೀ ಎಂಟೂ ಮನೆಯವರು ಮೆಟ್ಟಿಲು ಓದಿಯಾಗಿತ್ತು.

ಹಲ್ಲಿನ ಡಾಕ್ಟರು ಸೋಮವಾರ ಬಾಗಿಲಲ್ಲೇ ಹಿಡಿದರು.

"ಸಾರ್, ನೇರವಾಗಿ ಹೇಳಿ. ಬೆನ್ನು ಹೇಗಿದೆ?"

"ಚೆನ್ನಾಗಿದೆ ಡಾಕ್ಟ್ರೇ. ಹನ್ನೊಂದು ವರ್ಷದ ಹಿಡಿತ. ಆ ಬಾಕ್ಸ್ ಬಂದ ದಿನವೇ ಬಿಟ್ಟುಹೋಯ್ತು."

"ಒಂದೇ ದಿನಕ್ಕಾ!"

"ಒಂದೇ ಸಲಕ್ಕೆ. ಟಕ್ ಅಂತು."

ಒಂದಕ್ಷರ ಸುಳ್ಳಿಲ್ಲ. ಡಾಕ್ಟರು ಆ ದಿನ ಮೂರು ಹಲ್ಲು ಕೀಳುವುದನ್ನು ಮುಂದಕ್ಕೆ ಹಾಕಿ ಅಂಗಡಿಗೆ ಹೋದರು. ಮುಂದಿನ ಶನಿವಾರ 301ರ ಮುಂದೆ ಅದೇ ಬಾಕ್ಸು ನಿಂತಿತ್ತು, ಆರು ಮುಖಕ್ಕೂ ನಂಬರಿನೊಂದಿಗೆ. ಅದರ ಮುಂದಿನ ಶನಿವಾರ ಕಾರ್ಯದರ್ಶಿಗಳದು. ಆಮೇಲೆ ನಾಲ್ಕನೇ ಮಹಡಿಯ ಟ್ಯೂಷನ್ ಮೇಡಂದು. ಮೆಟ್ಟಿಲ ಪ್ರತಿ ತಿರುವಿನಲ್ಲೂ ಅದೇ ಹೆಂಗಸು ಕಣ್ಣು ಮುಚ್ಚಿಕೊಂಡು, ಇನ್ನೇನೂ ಬೇಡ ಎಂದು ನಗುತ್ತಿದ್ದಳು.

ಆ ಕುರ್ಚಿ ಡಾಕ್ಟರ ಪಕ್ಕೆಯನ್ನು ಎರಡೂ ಕಡೆಯಿಂದ ಹಿಂಡಿ ನೀಲಿ ಮಾಡಿತ್ತು, ಕಾರ್ಯದರ್ಶಿಗಳ ಕಾಲನ್ನು ಹಿಡಿದುಕೊಂಡು ಕರೆಂಟು ಹೋಗುವವರೆಗೆ ಬಿಟ್ಟಿರಲಿಲ್ಲ, ಟ್ಯೂಷನ್ ಮೇಡಂ ಮನೆಯಲ್ಲಿ ಅದರ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದರು ಎಂಬುದೆಲ್ಲ ಆಮೇಲೆ ಗೊತ್ತಾದ ಸಂಗತಿ. ಆಗ ಯಾರೂ ಯಾರಿಗೂ ಹೇಳಲಿಲ್ಲ. ತಕ್ಕಡಿ ಸಾರ್ ಅವರಿಗೆ ಒಂದೇ ದಿನಕ್ಕೆ ಸಿಕ್ಕ ಸುಖ ತಮಗೆ ಸಿಗಲಿಲ್ಲವೆಂದರೆ ದೋಷ ತಮ್ಮ ಬೆನ್ನಿನದೇ ಇರಬೇಕು.

ಸುದ್ದಿ ತಕ್ಕಡಿ ಸಾರ್ ಅವರ ಅಕ್ಕನಿಗೂ ಮುಟ್ಟಿತು. ಅವಳು ಫೋನಿನಲ್ಲಿ ಹಲೋ ಎನ್ನಲಿಲ್ಲ.

"ಊರಿಗೆಲ್ಲ ಗೊತ್ತು, ಒಡಹುಟ್ಟಿದ ಅಕ್ಕನಿಗೆ ಗೊತ್ತಿಲ್ಲ! ನನ್ನ ಬೆನ್ನು ಬೆನ್ನಲ್ವೇನೋ?"

"ಅಕ್ಕಾ, ಅದು ಕುರ್ಚಿ ಅಲ್ಲ..."

"ಏನಾದ್ರೂ ಆಗ್ಲಿ, ನಾಳೆ ಬರ್ತೀನಿ. ಎರಡು ದಿನ ಅದ್ರಲ್ಲೇ ಇರ್ತೀನಿ ಅಂತ ಬೀಗರಿಗೆಲ್ಲ ಹೇಳಿಯಾಗಿದೆ."

ಬಂದವಳು ಮನೆಯೆಲ್ಲ ಹುಡುಕಿ, ಮಂಚದ ಕೆಳಗೂ ಬಗ್ಗಿ ನೋಡಿ, ಬಾಲ್ಕನಿಯ ಬಾಕ್ಸಿನ ಮುಂದೆ ನಿಂತಳು. ಕುರ್ಚಿ ಇದರೊಳಗೆ ಇರಬಹುದೆಂದು ಮೊಣಕಾಲೂರಿ ಒಳಗೆ ಹೋದಳು. ರಜಾಯಿ ಮೆತ್ತಗಿತ್ತು. ರಟ್ಟಿಗೆ ಒರಗಿದರೆ ಬೆನ್ನಿನಷ್ಟೇ ಬಾಗಿತು. ಬಿಸಿಲು ಕಾಲಿನವರೆಗೆ ಬಂದು ಅಲ್ಲೇ ನಿಂತಿತ್ತು. ಒಳಗಿಂದ ತುಂಬ ಹೊತ್ತು ಯಾವ ಬೈಗುಳವೂ ಬರಲಿಲ್ಲ. ಊಟಕ್ಕೆ ಕರೆದಾಗ, "ಇಲ್ಲಿಗೇ ಕೊಟ್ಬಿಡು," ಎಂಬ ದನಿ ಮಾತ್ರ ಬಂತು.

ಎರಡು ದಿನ ಬಿಟ್ಟು ಹೊರಡುವಾಗ ಮೆಟ್ಟಿಲಲ್ಲಿ ಡಾಕ್ಟರು ಸಿಕ್ಕರು. "ಹೇಗಿತ್ತಮ್ಮಾ?"

"ಎದ್ದು ಬರೋಕೇ ಮನಸ್ಸಿರ್ಲಿಲ್ಲಪ್ಪ," ಎಂದಳು ಅಕ್ಕ. ಸುಳ್ಳು ಹೇಳದಿರುವುದು ಆ ಮನೆತನದಲ್ಲೇ ಬಂದದ್ದು.

ಡಾಕ್ಟರು ಮನೆಗೆ ಹೋಗಿ ಮತ್ತೆ ಕುರ್ಚಿಯಲ್ಲಿ ಕೂತರು. ಪಕ್ಕೆ ಮತ್ತೆ ನೀಲಿಯಾಯಿತು. ಅದೇ ವಾರ ಅಳತೆ ತೂಕದ ಕಚೇರಿಗೆ ಸಹಿಯಿಲ್ಲದ ಒಂದು ಕಾಗದ ಬಂತು. ಬರೆದವರು ಯಾರೆಂದು ತಿಳಿಯಲಿಲ್ಲ. ಅಕ್ಷರ ಮಾತ್ರ ಔಷಧದ ಚೀಟಿಯ ಹಾಗಿತ್ತು, ಓದಲು ಮೂರು ಜನ ಬೇಕಾಯಿತು. ಮುದ್ರೆ ಗುಮಾಸ್ತನೊಬ್ಬನಿಗೆ ಅಂಥ ಕುರ್ಚಿ ಎಲ್ಲಿಂದ ಬಂತು? ಯಾವ ಅಂಗಡಿಯ ತಕ್ಕಡಿ ಕೊಟ್ಟ ಕಾಣಿಕೆ ಅದು?

ಸಾಹೇಬರು ಕರೆಸಿ, ಕೂರಲು ಹೇಳಲಿಲ್ಲ.

"ಇನ್ನೊಂದು ತಿಂಗಳು ಸುಮ್ಮನಿರೋಕಾಗ್ಲಿಲ್ವೇನ್ರಿ? ಮುದ್ರೆ ಮೇಜಿನ ಮೇಲಿಡಿ. ಶನಿವಾರ ತನಿಖಾಧಿಕಾರಿಗಳು ನಿಮ್ಮ ಮನೆಗೆ ಬರ್ತಾರೆ. ಕುರ್ಚಿ ಇದ್ರೆ ಪಿಂಚಣಿ ಮರೆತುಬಿಡಿ."

"ಕುರ್ಚಿ ಇಲ್ಲ ಸಾರ್. ಬರೀ ಬಾಕ್ಸು."

"ಕುರ್ಚಿ ಇಲ್ಲದೆ ಕುರ್ಚಿ ಬಾಕ್ಸ್ ಯಾರು ತಗೋತಾರ್ರಿ?"

ತಕ್ಕಡಿ ಸಾರ್ ಮುದ್ರೆಯನ್ನು ಮೇಜಿನ ಮೇಲಿಟ್ಟರು. ಮೂವತ್ತನಾಲ್ಕು ವರ್ಷ ಅದನ್ನು ಹಿಡಿದ ಕೈ ಮನೆಗೆ ಬರುವವರೆಗೂ ಹಿಡಿದ ಹಾಗೆಯೇ ಇತ್ತು. ಹೆಂಡತಿ ಆ ಕೈಗೆ ಚಹಾದ ಲೋಟ ಕೊಟ್ಟಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ತನಿಖಾಧಿಕಾರಿಗಳು ಬಂದರು. ದಪ್ಪ ಮೀಸೆ, ದಪ್ಪ ಪುಸ್ತಕ, ಸೊಂಟದ ಮೇಲೆ ಒಂದು ಕೈ. ಮನೆ ನೋಡುವ ಮೊದಲು ಸಾಕ್ಷಿ ಬೇಕು ಎಂದು ಮೆಟ್ಟಿಲಲ್ಲೇ ವಿಚಾರಣೆ ಶುರುಮಾಡಿದರು. ತಕ್ಕಡಿ ಸಾರ್ ಮಗ್ಗುಲಲ್ಲಿ ನಿಂತರು. ನೆರೆಯವರು ಕುರ್ಚಿ ನೋಡೇ ಇಲ್ಲವಲ್ಲ, ಅಷ್ಟನ್ನು ಹೇಳಿದರೆ ಸಾಕು, ಬದುಕಿದೆ ಎಂದುಕೊಂಡಿದ್ದರು.

"ಇವರ ಮನೇಲಿ ಕುರ್ಚಿ ನೋಡಿದ್ದೀರಾ?"

ಕಾರ್ಯದರ್ಶಿಗಳು ಎದೆ ಮುಂದೆ ತಂದರು. "ನೋಡೋದೇನು ಸಾರ್, ಕೂತಿದ್ದೀನಿ! ಕಾರ್ಯದರ್ಶಿನ ಕರೀದೆ ಇರ್ತಾರಾ?"

"ಮೊದಲು ಕೂತವನು ನಾನು," ಎಂದರು ಡಾಕ್ಟರು. "ಎದುರುಮನೆ ನಂದು. ನನ್ನ ಬಿಟ್ಟು ನಿಮ್ಮನ್ನ ಹೇಗೆ ಕರೀತಾರೆ?"

"ಸಾರ್, ಇವರ್ಯಾರೂ ಕೂತಿಲ್ಲ. ಕುರ್ಚಿನೇ ಇಲ್ಲ!" ತಕ್ಕಡಿ ಸಾರ್ ನಡುವೆ ಬಂದರು.

"ನೋಡಿದ್ರಾ ಎಷ್ಟು ವಿನಯ!" ಎಂದರು ಟ್ಯೂಷನ್ ಮೇಡಂ. "ನಂಗೂ ಹೀಗೇ ಹೇಳಿದ್ರು, ನಾನು ಕೂತು ಎದ್ದ ಮೇಲೆ."

"ಬಣ್ಣ ಯಾವುದು?"

"ಕಪ್ಪು," ಎಂದರು ಕಾರ್ಯದರ್ಶಿಗಳು.

"ಕಂದು," ಎಂದರು ಡಾಕ್ಟರು.

"ಕೆಂಪು ಅಲ್ವಾ?" ಎಂದರು ಮೇಡಂ.

ಅಧಿಕಾರಿಗಳು ಪುಸ್ತಕದಲ್ಲಿ ಬರೆದುಕೊಂಡರು: "ಕುರ್ಚಿಗಳು: ಮೂರು."

ಹೆಂಡತಿ ಬಾಗಿಲನ್ನು ಪೂರ್ತಿ ತೆರೆದು ಹೊರಗೆ ಬಂದಳು.

"ಕೇಳಿದ್ದು ಸಾಕು ಸಾರ್. ಒಳಗೆ ಬಂದು ನೋಡಿ. ನಮ್ಮನೇಲಿ ಪ್ರತಿ ವಸ್ತುವಿನ ಮೈಮೇಲೂ ಅದರ ಕಾಗದ ಇದೆ. ಕಾಗದ ಇಲ್ಲದ್ದು ಒಂದು ಸಿಕ್ಕಿದ್ರೂ ಇವರನ್ನ ಕರ್ಕೊಂಡು ಹೋಗಿ."

ಅಧಿಕಾರಿಗಳು ಒಳಗೆ ಹೋದರು. ಗಡಿಯಾರದ ಬೆನ್ನು ತಿರುಗಿಸಿದರು, ರಸೀದಿ. ಕನ್ನಡಿಯ ಹಿಂದೆ ರಸೀದಿ. ಕುರ್ಚಿ ಎಂಬ ಹೆಸರಿಗೆ ಮನೆಯಲ್ಲಿದ್ದದ್ದು ಒಂದು ಮರದ ಸ್ಟೂಲು. ಅದನ್ನು ಮಗುಚಿದರೆ, ಇಪ್ಪತ್ತೆರಡು ವರ್ಷ ಹಳೆಯ ರಸೀದಿ. ಫ್ಯಾನು ತಿರುಗುತ್ತಿದ್ದದ್ದರಿಂದ ಅದರದನ್ನು ಓದಲು ಅವರ ತಲೆಯೂ ಸ್ವಲ್ಪ ಹೊತ್ತು ತಿರುಗಿತು. ಕೊನೆಗೆ ಬಾಲ್ಕನಿಗೆ ಬಂದರು.

"ಇದರ ಕಾಗದ?"

"ಒಳಗೆ, ಆ ಕೊನೆಯ ಗೋಡೆಗೆ ಅಂಟಿಸಿದ್ದೀನಿ ಸಾರ್," ಎಂದರು ತಕ್ಕಡಿ ಸಾರ್. "ಒಳಗೆ ಹೋಗದೆ ಕಾಣಲ್ಲ."

ಅಧಿಕಾರಿಗಳು ಬೂಟು ಕಳಚಿ, ಸೊಂಟ ಹಿಡಿದುಕೊಂಡು, ಹಾ, ಹೂ ಎಂದು ಸದ್ದು ಮಾಡುತ್ತ ರಜಾಯಿಗಳ ಮೇಲೆ ತೆವಳಿದರು. ಹೊರಗೆ ಅವರ ಎರಡು ಕಾಲುಚೀಲ ಮಾತ್ರ ಉಳಿದವು. ಒಳಗಿಂದ ಓದುವ ದನಿ ಬಂತು.

"ಖಾಲಿ ಬಾಕ್ಸು ಒಂದು. ಬಿಟ್ಟಿ. ಒಳಗೆ... ಏನೂ... ಇಲ್ಲ."

ತಕ್ಕಡಿ ಸಾರ್ ಕೈಮುಗಿದು ನಿಂತಿದ್ದರು. ಮೂವತ್ತನಾಲ್ಕು ವರ್ಷದ ಮುಳ್ಳು ಯಾವ ಕಡೆಗೆ ವಾಲುತ್ತದೋ ಎಂದು ಕಾಯುತ್ತಿದ್ದರು. ಬಾಗಿಲಲ್ಲಿ ಮೂವರು ಸಾಕ್ಷಿಗಳು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತಿದ್ದರು.

ಬಾಕ್ಸಿನೊಳಗಿಂದ ಗೊರಕೆ ಕೇಳಿಸಿತು.

"ಏಳಿಸ್ಲಾ?" ಎಂದು ತಕ್ಕಡಿ ಸಾರ್ ಪಿಸುಗುಟ್ಟಿದರು.

"ತನಿಖೆಗೆ ಅಡ್ಡಿ ಮಾಡ್ಬೇಡಿ," ಎಂದಳು ಹೆಂಡತಿ.

ತನಿಖೆ ಐವತ್ತು ನಿಮಿಷ ನಡೆಯಿತು. ಹೊರಬಂದ ಅಧಿಕಾರಿಗಳ ಕೆನ್ನೆಯ ಮೇಲೆ ರಟ್ಟಿನ ಗೆರೆ ಮೂಡಿತ್ತು, ಸೊಂಟದ ಮೇಲೆ ಕೈ ಇರಲಿಲ್ಲ. ಅವರು ಯಾರ ಮುಖವನ್ನೂ ನೋಡದೆ ಬೂಟು ಹಾಕಿಕೊಂಡು, "ನಮ್ಮನೇಲಿ ಮೂರು ಸೋಫಾ ಇವೆ," ಎಂದು ಗೋಡೆಗೆ ಹೇಳಿ ಹೊರಟುಹೋದರು.

ವರದಿ ಮಂಗಳವಾರ ಬಂತು. "ಸದರಿ ಮನೆಯಲ್ಲಿ ಕುರ್ಚಿ ಇರುವುದಿಲ್ಲ. ಖಾಲಿ ಬಾಕ್ಸು ಇರುತ್ತದೆ, ರಸೀದಿ ಸರಿ ಇರುತ್ತದೆ. ಸಾಕ್ಷಿಗಳು ಇಲ್ಲದ ಕುರ್ಚಿಯಲ್ಲಿ ಕೂತಿರುತ್ತಾರೆ. ಸದರಿ ಬಾಕ್ಸಿನೊಳಗೆ ಖುದ್ದು ಪರಿಶೀಲಿಸಲಾಗಿ, ಐವತ್ತು ನಿಮಿಷಗಳ ಕಾಲ ಇನ್ನೇನೂ ಬೇಕೆನಿಸಲಿಲ್ಲ." ಸಾಹೇಬರು ಕೊನೆಯ ವಾಕ್ಯವನ್ನು ಎರಡು ಸಲ ಓದಿ, ಮುದ್ರೆಯನ್ನು ತಾವೇ ಎತ್ತಿ ತಕ್ಕಡಿ ಸಾರ್ ಅವರ ಕೈಗೆ ಕೊಟ್ಟರು. ವರದಿಯ ಪ್ರತಿಯನ್ನು ತಕ್ಕಡಿ ಸಾರ್ ಬಾಕ್ಸಿನ ಹೊರಮೈಗೆ ಅಂಟಿಸಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವರದಿಯನ್ನು ಕಟ್ಟಡವೂ ಓದಿತು.

ಮೊದಲು ಬಂದವರು ಟ್ಯೂಷನ್ ಮೇಡಂ, ಬಾಲ್ಕನಿಯಲ್ಲಿ ಬಿಸಿಲು ಹೇಗೆ ಬರುತ್ತದೆ ನೋಡಲು. ಆಮೇಲೆ ಕಾರ್ಯದರ್ಶಿಗಳು, ಬಾಕ್ಸಿನ ಮೇಲೆ ನಂಬರ್ ಅಳಿಸಿದೆಯೋ ಏನೋ ನೋಡಲು. ಒಳಗೆ ಹೋದವರು ಯಾರೂ ಬೇಗ ಹೊರಗೆ ಬರಲಿಲ್ಲ. ಎಲ್ಲರಿಗೂ ಅಂಥದೇ ಬಾಕ್ಸು ಬೇಕಾಯಿತು. ಅವರವರ ಬಾಕ್ಸುಗಳನ್ನು ಗುಜರಿಯವನು ಎಂದೋ ಒಯ್ದಿದ್ದ, ಅವು ಕಾಗದದ ಕಾರ್ಖಾನೆಯಲ್ಲಿ ಕರಗಿಹೋಗಿದ್ದವು. ಕುರ್ಚಿ ಅಂಗಡಿಯವರಂತೂ ಬಾಗಿಲಲ್ಲೇ ಬೋರ್ಡು ಹಾಕಿದ್ದರು: "ಖಾಲಿ ಬಾಕ್ಸು ಕೊಡುವುದಿಲ್ಲ. ಬಾಕ್ಸು ಬೇಕಾದವರು ಕುರ್ಚಿಯೊಂದಿಗೇ ಕೊಳ್ಳಬೇಕು."

ಮುಂದಿನ ಶನಿವಾರ ಸಂಜೆ 301ರ ಮುಂದೆ ಹೊಚ್ಚಹೊಸ ಮಸಾಜ್ ಕುರ್ಚಿಯೊಂದು ನಿಂತಿತ್ತು. ಅದರ ಬೆನ್ನಿಗೆ, ಎರಡು ತೋಳಿಗೆ, ಕಾಲಿಡುವ ಜಾಗಕ್ಕೆ, ದಪ್ಪಕ್ಷರದಲ್ಲಿ 301 ಎಂದು ಬರೆದಿತ್ತು. ಬಾಕ್ಸು ಒಳಗಿತ್ತು.

ಭಾನುವಾರ ಗುಜರಿಯವನು ಬಂದು ಕುರ್ಚಿಯ ಸುತ್ತ ಒಂದು ಸುತ್ತು ಹಾಕಿದ.

"ಇದರ ಬಾಕ್ಸ್ ಎಲ್ಲಿ ಡಾಕ್ಟ್ರೇ?"

"ಬಾಕ್ಸ್ ಕೊಡಲ್ಲ. ಕುರ್ಚಿ ತಗೊಂಡು ಹೋಗು."

"ಬಾಕ್ಸ್ ಇಲ್ದೆ ಇದನ್ನ ತಗೊಂಡು ನಾನೇನ್ಮಾಡ್ಲಿ ಡಾಕ್ಟ್ರೇ?" ಎಂದು ಅವನು ಹೊರಟೇಹೋದ.

ಹೀಗೆ ಕುರ್ಚಿ ಮೂರನೇ ಮಹಡಿಯ ಬಾಗಿಲ ಮುಂದೆಯೇ ಉಳಿಯಿತು. ಸೋಮವಾರ ಬೆಳಿಗ್ಗೆ ತಕ್ಕಡಿ ಸಾರ್ ಕಚೇರಿಗೆ ಹೊರಟವರು, ಬೂಟಿನ ಲೇಸು ಕಟ್ಟಲು ಅದರ ಮೇಲೆ ಕೂತರು. ಪ್ಲಗ್ ಇಲ್ಲದ್ದರಿಂದ ಅದು ಹಿಂಡಲಿಲ್ಲ, ಹಿಡಿದುಕೊಳ್ಳಲಿಲ್ಲ, ಕುರ್ಚಿಯ ಹಾಗೆ ಸುಮ್ಮನಿತ್ತು. ಅವರ ಮುಖ ಸಡಿಲವಾಯಿತು. ಎದುರಿನ ಬಾಗಿಲು ಅರ್ಧ ತೆರೆದು ಡಾಕ್ಟರ ತಲೆ ಹೊರಗೆ ಬಂತು. ಕೆನ್ನೆಯ ಮೇಲೆ ರಟ್ಟಿನ ಗೆರೆ ಇತ್ತು.

"ಹೇಗಿದೆ ಸಾರ್?" ಎಂದರು ಡಾಕ್ಟರು, ಕಣ್ಣಗಲಿಸಿ.

ತಕ್ಕಡಿ ಸಾರ್ ನಿಜ ಹೇಳಲು ಬಾಯಿ ತೆರೆದರು.

"ರೀ," ಎಂದಳು ಹೆಂಡತಿ ಒಳಗಿನಿಂದ. "ಬಾಯಿ ಮುಚ್ಕೊಂಡು ಆಫೀಸಿಗೆ ಹೋಗಿ."